ಶಿಶುವಿನ ಕಣ್ಣು: ಗರ್ಭದಲ್ಲಿ ಅಕ್ಷಿಪಟಲವು ರೂಪುಗೊಳ್ಳುವ ಬಗೆ



ಮನೆಯಲ್ಲಿ ಮಗು ಹುಟ್ಟಿದಾಗ ಎಲ್ಲರೂ ಮೊದಲು ನೋಡುವುದು ಅದರ ಮುಖವನ್ನು. ಕೆಲವು ವಾರಗಳು ಕಳೆದ ಮೇಲೆ ಮಗುವೂ ತಾಯಿಯ ಮುಖವನ್ನು ನೋಡತೊಡಗುತ್ತದೆ. ತಾಯಿ ಅತ್ತ ಸರಿದರೆ ಅತ್ತ, ಇತ್ತ ಸರಿದರೆ ಇತ್ತ ಅದರ ದೃಷ್ಟಿಯು ಹರಿಯುತ್ತದೆ. ಇದನ್ನು ಕಂಡು ತಂದೆತಾಯಿಗಳು ಸಂತೋಷಪಡುವುದು ಸಹಜ. ಆದರೆ ಈ ಒಂದು ನೋಟಕ್ಕೆ ಬೇಕಾದ ಸಿದ್ಧತೆಯು ಎಂದಿನಿಂದ ನಡೆದಿತ್ತೆಂಬುದನ್ನು ಬಲ್ಲವರು ವಿರಳ. ತಾನು ಗರ್ಭಿಣಿಯೆಂಬುದು ತಾಯಿಗೆ ಖಚಿತವಾಗುವ ಮೊದಲೇ ಶಿಶುವಿನ ಕಣ್ಣಿನ ಕೆಲಸವು ಆರಂಭವಾಗಿರುತ್ತದೆ. ಆ ಕೆಲಸದ ಪ್ರತಿಯೊಂದು ಹಂತಕ್ಕೂ ಅದರದೇ ಆದ ಕಾಲವುಂಟು. ಕಾಲ ತಪ್ಪಿದರೆ ಅದನ್ನು ಮತ್ತೆ ಮಾಡಲು ದೇಹಕ್ಕೆ ಸಾಧ್ಯವಿಲ್ಲ. ಆದ್ದರಿಂದ ಈ ವಿಷಯವನ್ನು ಗಂಡಹೆಂಡಿರಿಬ್ಬರೂ ತಿಳಿದಿರುವುದು ಅಗತ್ಯ.

ಅಕ್ಷಿಪಟಲವೆಂದರೇನು?

ಕಣ್ಣುಗುಡ್ಡೆಯ ಒಳಗೋಡೆಗೆ ಹಿಂಭಾಗದಲ್ಲಿ ಒಂದು ತೆಳುವಾದ ಪರೆಯು ಅಂಟಿಕೊಂಡಿರುತ್ತದೆ. ಇದೇ ಅಕ್ಷಿಪಟಲ. ಆಸ್ಪತ್ರೆಯಲ್ಲಿ ವೈದ್ಯರು ಇದನ್ನು ರೆಟಿನಾ ಎನ್ನುತ್ತಾರೆ. ಇದರ ದಪ್ಪವು ಸುಮಾರು ಕಾಲು ಮಿಲಿಮೀಟರಿನಷ್ಟು ಮಾತ್ರ. ಕಣ್ಣಿನ ಪಾಪೆಯ ಮೂಲಕ ಒಳಹೊಕ್ಕ ಬೆಳಕು ಮಸೂರವನ್ನು ದಾಟಿ ಈ ಪರೆಯ ಮೇಲೆ ಬೀಳುತ್ತದೆ. ಪರೆಯಲ್ಲಿರುವ ನರಕೋಶಗಳು ಆ ಬೆಳಕನ್ನು ಸಂಕೇತಗಳನ್ನಾಗಿ ಮಾರ್ಪಡಿಸಿ ಮಿದುಳಿಗೆ ಕಳುಹಿಸುತ್ತವೆ. ಪಾಪೆ, ಮಸೂರಗಳು ಎಷ್ಟೇ ಸ್ವಚ್ಛವಾಗಿದ್ದರೂ ಅಕ್ಷಿಪಟಲವು ಕೆಲಸ ಮಾಡದಿದ್ದರೆ ಕಣ್ಣಿಗೆ ಏನೂ ಕಾಣಿಸದು.

ಇದರಲ್ಲಿ ಹಲವು ಬಗೆಯ ಕೋಶಗಳಿವೆ. ಬೆಳಕನ್ನು ಗ್ರಹಿಸುವವು ದಂಡಕೋಶಗಳು ಮತ್ತು ಶಂಕುಕೋಶಗಳು. ಮಂದ ಬೆಳಕಿನಲ್ಲಿ ದಾರಿ ಕಾಣುವುದು ದಂಡಕೋಶಗಳಿಂದ. ಬಣ್ಣಗಳನ್ನೂ ಸೂಕ್ಷ್ಮವಾದ ವಿವರಗಳನ್ನೂ ಗುರುತಿಸುವುದು ಶಂಕುಕೋಶಗಳಿಂದ. ಒಂದೊಂದು ಕಣ್ಣಿನಲ್ಲಿಯೂ ದಂಡಕೋಶಗಳು ಒಂಬತ್ತು ಕೋಟಿಗೂ ಮಿಗಿಲಾಗಿರುತ್ತವೆ. ಶಂಕುಕೋಶಗಳು ಸುಮಾರು 50 ಲಕ್ಷದಷ್ಟಿರುತ್ತವೆ. ಇವುಗಳಿಂದ ಸಂಕೇತವನ್ನು ಪಡೆದು ಮುಂದಕ್ಕೆ ಸಾಗಿಸುವವು ದ್ವಿಧ್ರುವ ಕೋಶಗಳು. ಅಕ್ಕಪಕ್ಕದ ಸಂಕೇತಗಳನ್ನು ಹೋಲಿಸಿ ಹದಗೊಳಿಸಲು ಅಡ್ಡವಾಗಿ ಹಬ್ಬಿದ ಇನ್ನೆರಡು ಬಗೆಯ ಕೋಶಗಳಿವೆ. ಕಟ್ಟಕಡೆಗೆ ಗ್ಯಾಂಗ್ಲಿಯನ್ ಕೋಶಗಳು ತಮ್ಮ ಉದ್ದವಾದ ಎಳೆಗಳನ್ನು ಮಿದುಳಿನವರೆಗೆ ಚಾಚುತ್ತವೆ. ಸುಮಾರು 11 ಲಕ್ಷ ಎಳೆಗಳು ಸೇರಿ ಆದ ಹುರಿಯೇ ದೃಷ್ಟಿನರ. ಈ ಆರು ಬಗೆಯ ನರಕೋಶಗಳಿಗೆ ಆಸರೆಯಾಗಿ ಮ್ಯುಲರ್ ಕೋಶಗಳೆಂಬ ಏಳನೆಯ ಬಗೆಯ ಕೋಶಗಳಿವೆ.

ಈ ರಚನೆಯು ಮನುಷ್ಯನಿಗೆ ಮಾತ್ರ ಮೀಸಲಾದುದಲ್ಲ. ಮೀನು, ಕಪ್ಪೆ, ಹಲ್ಲಿ, ಕೋಳಿ, ದನ, ಮನುಷ್ಯ ಮುಂತಾಗಿ ಬೆನ್ನೆಲುಬುಳ್ಳ ಪ್ರಾಣಿಗಳೆಲ್ಲವುಗಳಲ್ಲಿ ಅಕ್ಷಿಪಟಲದ ಮೂಲ ವಿನ್ಯಾಸವು ಒಂದೇ. ಸ್ಪೇನ್ ದೇಶದ ವಿಜ್ಞಾನಿ ಸಾಂತಿಯಾಗೊ ರಾಮೋನ್ ಇ ಕಹಾಲ್ ಎಂಬುವರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅನೇಕ ಪ್ರಾಣಿಗಳ ಅಕ್ಷಿಪಟಲವನ್ನು ಸೂಕ್ಷ್ಮದರ್ಶಕದಲ್ಲಿ ಪರಿಶೀಲಿಸಿ, ಕೋಶಗಳ ಚಿತ್ರಗಳನ್ನು ತಮ್ಮ ಕೈಯಿಂದಲೇ ಬರೆದರು. ನರಮಂಡಲದ ರಚನೆಯನ್ನು ಕುರಿತ ಅವರ ಸಂಶೋಧನೆಗೆ 1906 ರಲ್ಲಿ ನೊಬೆಲ್ ಪ್ರಶಸ್ತಿಯು ದೊರೆಯಿತು. ಪ್ರಾಣಿಗಳಲ್ಲಿ ವಿನ್ಯಾಸವು ಒಂದೇ ಆಗಿರುವುದರಿಂದಲೇ ಮೊಟ್ಟೆಯೊಳಗಿನ ಕೋಳಿಮರಿಯಲ್ಲಿಯೂ ಗೊದಮೊಟ್ಟೆಯಲ್ಲಿಯೂ ಕಂಡುಕೊಂಡ ಸಂಗತಿಗಳು ಮಾನವ ಶಿಶುವಿನ ಕಣ್ಣನ್ನು ಅರಿಯಲು ನೆರವಾಗಿವೆ.

ಮೊದಲ ವಾರಗಳು

ಗರ್ಭವು ನಿಂತ ಸುಮಾರು 22 ನೆಯ ದಿನ ಭ್ರೂಣವು ಎಳ್ಳಿನ ಕಾಳಿನಷ್ಟು ಇರುತ್ತದೆ. ಮುಂದೆ ಮಿದುಳಾಗಬೇಕಾದ ಭಾಗದ ಎರಡು ಪಕ್ಕಗಳಲ್ಲಿ ಆಗ ಎರಡು ಸಣ್ಣ ತಗ್ಗುಗಳು ಕಾಣಿಸಿಕೊಳ್ಳುತ್ತವೆ. ಇವೇ ಕಣ್ಣುಗಳ ಮೊದಲ ಗುರುತು. ಆ ದಿನಕ್ಕೆ ತಾಯಿಯ ಮುಟ್ಟು ತಪ್ಪಿ ಒಂದು ವಾರವಾಗಿರುತ್ತದೆ, ಅಷ್ಟೆ. ಅನೇಕ ತಾಯಂದಿರು ಆಗಿನ್ನೂ ಸಂಶಯದಲ್ಲಿರುತ್ತಾರೆ.

ಈ ತಗ್ಗುಗಳು ಹೊರಕ್ಕೆ ಉಬ್ಬಿ ಚರ್ಮದ ಕಡೆಗೆ ಸಾಗುತ್ತವೆ. ಐದನೆಯ ವಾರದಲ್ಲಿ ಉಬ್ಬಿನ ತುದಿಯು ಒಳಕ್ಕೆ ಮಡಿಚಿಕೊಂಡು ಎರಡು ಪದರದ ಬಟ್ಟಲಿನಂತಾಗುತ್ತದೆ. ಬಟ್ಟಲಿನ ಒಳಪದರವು ನರಕೋಶಗಳ ಪಟಲವಾಗುತ್ತದೆ. ಹೊರಪದರವು ಅದನ್ನು ಪೋಷಿಸುವ ಕಪ್ಪು ಪದರವಾಗುತ್ತದೆ. ಬಟ್ಟಲಿನ ಬಾಯಿಯ ಬಳಿ ಮೇಲ್ಚರ್ಮದ ಒಂದು ಭಾಗವು ಬೇರ್ಪಟ್ಟು ಮಸೂರವಾಗುತ್ತದೆ. ಹೀಗೆ ಅಕ್ಷಿಪಟಲವು ಹೊರಗಿನಿಂದ ಬಂದು ಸೇರಿದ ವಸ್ತುವಲ್ಲ. ಅದು ಮಿದುಳಿನಿಂದಲೇ ಚಾಚಿದ ಒಂದು ಭಾಗ. ಆದಕಾರಣ ಮಿದುಳಿನ ಬೆಳವಣಿಗೆಗೆ ಹಾನಿ ಮಾಡುವ ಮದ್ಯವು ಕಣ್ಣಿನ ನರಗಳಿಗೂ ಹಾನಿ ಮಾಡಬಲ್ಲದು.

ಈ ಕಾಲದಲ್ಲಿ ತಾಯಿಗೆ ರುಬೆಲ್ಲಾ ಎಂಬ ಜ್ವರವು ತಗುಲಿದರೆ ಅಪಾಯವು ಬಹಳ. ಜ್ವರವು ತಾಯಿಯಲ್ಲಿ ಸೌಮ್ಯವಾಗಿರಬಹುದು; ಮೈಮೇಲೆ ಕೆಂಪು ಗಂಧೆಗಳೆದ್ದು ಮೂರು ದಿನಗಳಲ್ಲಿ ಮಾಯವಾಗಬಹುದು. ಆದರೆ ರೋಗಾಣುವು ಗರ್ಭವನ್ನು ಹೊಕ್ಕು ಮಸೂರ, ಅಕ್ಷಿಪಟಲ, ಕಿವಿ, ಹೃದಯಗಳನ್ನು ಕೆಡಿಸುತ್ತದೆ. ಆಸ್ಟ್ರೇಲಿಯಾದ ನೇತ್ರವೈದ್ಯ ನಾರ್ಮನ್ ಗ್ರೆಗ್ ಎಂಬುವರು 1941 ರಲ್ಲಿ ಈ ಸಂಬಂಧವನ್ನು ಮೊದಲು ಗುರುತಿಸಿದರು. ಹುಟ್ಟುವಾಗಲೇ ಕಣ್ಣಿನಲ್ಲಿ ಪೊರೆಯಿದ್ದ ಮಕ್ಕಳ ತಾಯಂದಿರಲ್ಲಿ ಹೆಚ್ಚಿನವರಿಗೆ ಗರ್ಭದ ಮೊದಲ ತಿಂಗಳುಗಳಲ್ಲಿ ರುಬೆಲ್ಲಾ ಬಂದಿದ್ದುದನ್ನು ಅವರು ಕಂಡುಕೊಂಡರು. ನಮ್ಮ ದೇಶದಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನವು 2017 ರ ಫೆಬ್ರವರಿಯಲ್ಲಿ ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳಲ್ಲಿ ಮೊದಲು ಆರಂಭವಾಯಿತು.

ಕೋಶಗಳು ಹುಟ್ಟುವ ಅನುಕ್ರಮ

ಬಟ್ಟಲಿನ ಒಳಪದರದಲ್ಲಿ ಆರಂಭದಲ್ಲಿ ಇರುವವು ಒಂದೇ ಬಗೆಯ ಮೂಲಕೋಶಗಳು. ಒಂದು ಎರಡಾಗಿ, ಎರಡು ನಾಲ್ಕಾಗಿ ಇವು ವಿಭಜನೆಗೊಂಡು ಹೆಚ್ಚುತ್ತವೆ. ಒಂದು ಹಂತದಲ್ಲಿ ಕೆಲವು ಕೋಶಗಳು ವಿಭಜನೆಯನ್ನು ನಿಲ್ಲಿಸಿ ನರಕೋಶಗಳಾಗಿ ಮಾರ್ಪಡುತ್ತವೆ. ಒಮ್ಮೆ ನರಕೋಶವಾದುದು ಮತ್ತೆ ವಿಭಜನೆಗೊಳ್ಳುವುದಿಲ್ಲ.

ಒಂದೊಂದು ಬಗೆಯ ನರಕೋಶಕ್ಕೂ ಬೇರೆ ಬೇರೆ ಮೂಲಕೋಶವಿರಬಹುದೇ ಎಂಬ ಪ್ರಶ್ನೆಯು ಬಹುಕಾಲ ಉಳಿದಿತ್ತು. 1987 ರಲ್ಲಿ ಅಮೆರಿಕದ ಡೇವಿಡ್ ಟರ್ನರ್ ಮತ್ತು ಕಾನ್‌ಸ್ಟನ್ಸ್ ಸೆಪ್ಕೊ ಎಂಬ ವಿಜ್ಞಾನಿಗಳು ಇಲಿಮರಿಗಳ ಕಣ್ಣಿನ ಮೂಲಕೋಶಗಳಿಗೆ ಅಳಿಯದ ಗುರುತನ್ನು ಹಾಕಿ, ಒಂದೊಂದರ ಸಂತತಿಯೂ ಏನಾಗುವುದೆಂದು ನೋಡಿದರು. ಒಂದೇ ಮೂಲಕೋಶದ ಸಂತತಿಯಲ್ಲಿ ಹಲವು ಬಗೆಯ ಕೋಶಗಳು ದೊರೆತವು. ಕೋಶವು ಯಾವ ಬಗೆಯದಾಗುವುದೆಂಬುದು ಅದು ಹುಟ್ಟುವ ಕಾಲದ ಮೇಲೂ, ಮೂಲಕೋಶದ ಒಳಗಿನ ಸ್ಥಿತಿಯ ಮೇಲೂ, ಸುತ್ತಲಿನ ಕೋಶಗಳು ನೀಡುವ ಸೂಚನೆಗಳ ಮೇಲೂ ಅವಲಂಬಿಸಿದೆ.

ಆ ಕಾಲಕ್ರಮವು ಬೆನ್ನೆಲುಬುಳ್ಳ ಪ್ರಾಣಿಗಳೆಲ್ಲದರಲ್ಲಿಯೂ ಹೆಚ್ಚುಕಡಿಮೆ ಒಂದೇ ಆಗಿದೆ. ಮೊದಲು ಹುಟ್ಟುವವು ಮಿದುಳಿಗೆ ಎಳೆಗಳನ್ನು ಕಳುಹಿಸಬೇಕಾದ ಗ್ಯಾಂಗ್ಲಿಯನ್ ಕೋಶಗಳು. ಇವುಗಳ ಹಿಂದೆಯೇ ಅಡ್ಡಜೋಡಣೆಯ ಕೋಶಗಳೂ ಶಂಕುಕೋಶಗಳೂ ಬರುತ್ತವೆ. ದಂಡಕೋಶಗಳಲ್ಲಿ ಹೆಚ್ಚಿನವು ಅನಂತರ ಹುಟ್ಟುತ್ತವೆ. ದ್ವಿಧ್ರುವ ಕೋಶಗಳೂ ಮ್ಯುಲರ್ ಕೋಶಗಳೂ ಎಲ್ಲಕ್ಕಿಂತ ಕೊನೆಯವು. ಮನೆ ಕಟ್ಟುವಾಗ ಪಾಯ ಹಾಕದೆ ಗೋಡೆ ಎಬ್ಬಿಸುವುದಿಲ್ಲ, ಗೋಡೆಯಿಲ್ಲದೆ ಸೂರು ಹೊದಿಸುವುದಿಲ್ಲ. ಇಲ್ಲಿಯೂ ಅಂತಹುದೇ ಕ್ರಮವುಂಟು.

ಮಾನವ ಶಿಶುವಿನಲ್ಲಿ ಈ ಕೆಲಸವು ಎರಡನೆಯ ತಿಂಗಳ ಕೊನೆಯ ಹೊತ್ತಿಗೆ ಅಕ್ಷಿಪಟಲದ ನಡುವಿನಲ್ಲಿ ಆರಂಭವಾಗಿ ಅಂಚಿನ ಕಡೆಗೆ ಹಬ್ಬುತ್ತದೆ. ಏಳನೆಯ ತಿಂಗಳು ಮುಗಿಯುವ ವೇಳೆಗೆ ಬಹುಮಟ್ಟಿಗೆ ಎಲ್ಲ ನರಕೋಶಗಳೂ ಹುಟ್ಟಿರುತ್ತವೆ. ಜೀವಮಾನವಿಡೀ ನೋಡಲು ಬೇಕಾದ ಕೋಶಗಳ ಸಂಖ್ಯೆಯು ಅಲ್ಲಿಗೆ ನಿರ್ಧಾರವಾದಂತೆಯೇ ಸರಿ.

ಹೆಚ್ಚಾಗಿ ಹುಟ್ಟಿಸಿ, ಬೇಕಾದುದನ್ನು ಉಳಿಸುವುದು

ರಾಗಿಯನ್ನು ಬಿತ್ತುವ ರೈತನು ಪೈರು ದಟ್ಟವಾಗಿ ಬಂದಾಗ ಕುಂಟೆ ಹೊಡೆದು ಅದನ್ನು ತೆಳುವಾಗಿಸುತ್ತಾನೆ. ಉಳಿದ ಪೈರು ಚೆನ್ನಾಗಿ ತೆಂಡೆಯೊಡೆಯಲೆಂಬುದು ಅವನ ಉದ್ದೇಶ. ಗರ್ಭದಲ್ಲಿಯೂ ಇದೇ ನಡೆಯುತ್ತದೆ. 16-17 ನೆಯ ವಾರದಲ್ಲಿ ಶಿಶುವಿನ ಒಂದು ದೃಷ್ಟಿನರದಲ್ಲಿ ಸುಮಾರು 37 ಲಕ್ಷ ಎಳೆಗಳಿರುತ್ತವೆ. ಸುಮಾರು 29 ನೆಯ ವಾರದ ಹೊತ್ತಿಗೆ ಉಳಿಯುವವು 11 ಲಕ್ಷದಷ್ಟು ಮಾತ್ರ. ಮಿದುಳಿನಲ್ಲಿ ಸರಿಯಾದ ಜಾಗವನ್ನು ತಲಪಿ ಸಂಪರ್ಕ ಪಡೆದ ಎಳೆಗಳು ಉಳಿಯುತ್ತವೆ. ಇತರ ಕೋಶಗಳು ತಾವಾಗಿ ನಶಿಸುತ್ತವೆ. ಇದು ರೋಗವಲ್ಲ, ಪ್ರಕೃತಿಯ ಏರ್ಪಾಡು.

ವಿಭಜನೆಯು ನಿಲ್ಲಬೇಕಾದಲ್ಲಿ ನಿಲ್ಲದಿದ್ದರೆ ಮಾತ್ರ ರೋಗ. ಎಳೆಯ ಅಕ್ಷಿಪಟಲದ ಕೋಶವೊಂದು ನಿಲ್ಲುವ ಆಜ್ಞೆಯನ್ನು ಮೀರಿ ವಿಭಜನೆಗೊಳ್ಳುತ್ತಲೇ ಹೋದರೆ ಗಡ್ಡೆಯಾಗುತ್ತದೆ. ಇದು ಚಿಕ್ಕ ಮಕ್ಕಳಲ್ಲಿ ಕಾಣುವ ಕಣ್ಣಿನ ಕ್ಯಾನ್ಸರ್. ಪಾಪೆಯಲ್ಲಿ ಬೆಕ್ಕಿನ ಕಣ್ಣಿನಂತೆ ಬಿಳಿಯ ಹೊಳಪು ಕಾಣುವುದು ಇದರ ಮುಖ್ಯ ಲಕ್ಷಣ. ಬೇಗ ಗುರುತಿಸಿದರೆ ಮಗುವಿನ ಪ್ರಾಣವನ್ನೂ, ಎಷ್ಟೋ ಸಲ ಕಣ್ಣನ್ನೂ ಉಳಿಸಬಹುದು.

ಮೀನಿಗೆ ಸಾಧ್ಯ, ಮನುಷ್ಯನಿಗೆ ಇಲ್ಲ

ಮೀನು, ಕಪ್ಪೆಗಳಲ್ಲಿ ಅಕ್ಷಿಪಟಲದ ಅಂಚಿನಲ್ಲಿ ಮೂಲಕೋಶಗಳು ಉಳಿದುಕೊಂಡಿರುತ್ತವೆ. ಹುಟ್ಟಿದ ಮೇಲೂ ಹೊಸ ನರಕೋಶಗಳು ಸೇರುತ್ತಲೇ ಇರುತ್ತವೆ. ನಮ್ಮ ದೇಶದ ಹಳ್ಳಕೊಳ್ಳಗಳಲ್ಲಿ ವಾಸಿಸುವ, ಮೈಮೇಲೆ ನೀಲಿ ಪಟ್ಟೆಗಳುಳ್ಳ ಜೀಬ್ರಾ ಮೀನಿನ ಅಕ್ಷಿಪಟಲಕ್ಕೆ ಗಾಯವಾದರೆ ಅದರ ಮ್ಯುಲರ್ ಕೋಶಗಳು ಮತ್ತೆ ವಿಭಜನೆಗೊಂಡು, ನಷ್ಟವಾದ ನರಕೋಶಗಳನ್ನು ತುಂಬಿಕೊಡುತ್ತವೆ. ಮನುಷ್ಯನ ಕಣ್ಣಿನಲ್ಲಿಯೂ ಮ್ಯುಲರ್ ಕೋಶಗಳಿವೆ. ಆದರೆ ಅವು ಹಾಗೆ ಮಾಡುವುದಿಲ್ಲ. ಈ ಶಕ್ತಿಯನ್ನು ಎಚ್ಚರಿಸಲಾದೀತೇ ಎಂಬ ಸಂಶೋಧನೆಯು ನಡೆದಿದೆ. ನಷ್ಟವಾದ ಅಕ್ಷಿಪಟಲವನ್ನು ಹೊಸದಾಗಿ ಬೆಳೆಸಿಕೊಡುತ್ತೇವೆಂದು ಹೇಳಿ ಹಣ ಕೇಳುವವರನ್ನು ನಂಬಬೇಡಿರಿ. ನಮ್ಮ ಮಟ್ಟಿಗೆ ಇರುವುದನ್ನು ಕಾಪಾಡಿಕೊಳ್ಳುವುದೇ ದಾರಿ.

ಅವಧಿಗೆ ಮುನ್ನ ಹುಟ್ಟಿದ ಮಗು

ಅಕ್ಷಿಪಟಲಕ್ಕೆ ಆಹಾರವನ್ನು ಒಯ್ಯುವ ರಕ್ತನಾಳಗಳು ಸುಮಾರು 16 ನೆಯ ವಾರದಲ್ಲಿ ದೃಷ್ಟಿನರದ ಬಳಿಯಿಂದ ಹೊರಟು ಮೆಲ್ಲಮೆಲ್ಲನೆ ಅಂಚಿನ ಕಡೆಗೆ ಬೆಳೆಯುತ್ತವೆ. ಮೂಗಿನ ಕಡೆಯ ಅಂಚನ್ನು ಸುಮಾರು 36 ನೆಯ ವಾರದಲ್ಲಿಯೂ, ಕಿವಿಯ ಕಡೆಯ ಅಂಚನ್ನು ಸುಮಾರು 40 ನೆಯ ವಾರದಲ್ಲಿಯೂ ಮುಟ್ಟುತ್ತವೆ. ಅಂದರೆ ಈ ಕೆಲಸ ಮುಗಿಯುವುದಕ್ಕೂ ತುಂಬಿದ ದಿನಗಳಲ್ಲಿ ಹೆರಿಗೆಯಾಗುವುದಕ್ಕೂ ಸರಿಹೋಗುತ್ತದೆ.

ಏಳು ತಿಂಗಳಿಗೆ ಹುಟ್ಟಿದ ಮಗುವಿನಲ್ಲಿ ಈ ನಾಳಗಳು ಅರ್ಧದಾರಿಯಲ್ಲಿರುತ್ತವೆ. ಹೊರಗಿನ ಗಾಳಿಯಲ್ಲಿ, ವಿಶೇಷವಾಗಿ ಪ್ರಾಣ ಉಳಿಸಲು ಕೊಡುವ ಆಮ್ಲಜನಕವು ಹೆಚ್ಚಾದಾಗ, ಅವುಗಳ ಬೆಳವಣಿಗೆಯು ನಿಂತುಬಿಡಬಹುದು. ಬಳಿಕ ಆಹಾರ ಸಾಲದ ಅಕ್ಷಿಪಟಲವು ಕರೆದಂತಾಗಿ, ನಾಳಗಳು ಅಡ್ಡಾದಿಡ್ಡಿಯಾಗಿ ಬೆಳೆದು ಪರೆಯನ್ನೇ ಕಿತ್ತು ಎಳೆಯುತ್ತವೆ. ಹೊರಗಿನಿಂದ ನೋಡಿದರೆ ಕಣ್ಣು ಚೆನ್ನಾಗಿಯೇ ಇರುತ್ತದೆ. ತಂದೆತಾಯಿಗಳಿಗೆ ಗೊತ್ತಾಗುವ ಹೊತ್ತಿಗೆ ಕಾಲ ಮೀರಿರುತ್ತದೆ.

ಆದ್ದರಿಂದ 34 ವಾರಗಳಿಗೆ ಮುನ್ನ ಹುಟ್ಟಿದ, ಇಲ್ಲವೆ ಹುಟ್ಟುವಾಗ ಎರಡು ಕಿಲೋಗ್ರಾಂಗಿಂತ ಕಡಿಮೆ ತೂಕವಿದ್ದ ಪ್ರತಿಯೊಂದು ಮಗುವಿನ ಅಕ್ಷಿಪಟಲವನ್ನೂ ಹುಟ್ಟಿದ 30 ದಿನಗಳೊಳಗೆ ಪರೀಕ್ಷೆ ಮಾಡಿಸತಕ್ಕದ್ದು. ಬಹಳ ಎಳೆಯ ಮಕ್ಕಳಿಗೆ ವೈದ್ಯರು ಇನ್ನೂ ಬೇಗ ಬರಹೇಳುವರು. ರೋಗವು ಕಂಡುಬಂದರೆ ಲೇಸರ್ ಕಿರಣದಿಂದಲೋ ಚುಚ್ಚುಮದ್ದಿನಿಂದಲೋ ತಡೆಯಬಹುದು. ಆದರೆ ಚಿಕಿತ್ಸೆಗೆ ದೊರೆಯುವ ಕಾಲವು ಕೆಲವೇ ದಿನಗಳು. ಬಾಣಂತನ ಮುಗಿಯಲಿ, ನಾಮಕರಣ ಕಳೆಯಲಿ ಎಂದು ಕಾಯುವಂತಿಲ್ಲ. 2008 ರಲ್ಲಿ ನಮ್ಮ ರಾಜ್ಯದಲ್ಲಿ ಕಿಡ್ರಾಪ್ ಎಂಬ ಕಾರ್ಯಕ್ರಮವು ಆರಂಭವಾಯಿತು. ತರಬೇತಿ ಪಡೆದ ಸಿಬ್ಬಂದಿಯು ಊರೂರಿನ ಆಸ್ಪತ್ರೆಗಳಿಗೆ ಕ್ಯಾಮೆರಾ ಒಯ್ದು, ಇಂತಹ ಮಕ್ಕಳ ಅಕ್ಷಿಪಟಲದ ಚಿತ್ರ ತೆಗೆದು, ದೂರದ ತಜ್ಞರಿಗೆ ಕಳುಹಿಸಿ ಅಭಿಪ್ರಾಯ ಪಡೆಯುವ ಪದ್ಧತಿಯು ಇದರಿಂದ ಬಳಕೆಗೆ ಬಂತು.

ಹುಟ್ಟಿದ ಮೇಲಿನ ಕೆಲಸ

ಹುಟ್ಟಿದ ಮಗುವಿನ ಕಣ್ಣಿನಲ್ಲಿ ಕೋಶಗಳಿದ್ದರೂ ಅವುಗಳ ಜೋಡಣೆಯು ಪೂರ್ಣವಾಗಿರುವುದಿಲ್ಲ. ಸೂಕ್ಷ್ಮದೃಷ್ಟಿಗೆ ಕಾರಣವಾದ ಅಕ್ಷಿಪಟಲದ ನಡುಭಾಗವು ಮುಂದಿನ ಕೆಲವು ವರ್ಷಗಳವರೆಗೂ ಬಲಿಯುತ್ತಿರುತ್ತದೆ. ಕಣ್ಣು ಮತ್ತು ಮಿದುಳಿನ ನಡುವಣ ಸಂಪರ್ಕಗಳು ಬೆಳಕನ್ನು ಕಂಡು ಕಂಡೇ ಗಟ್ಟಿಯಾಗಬೇಕು.

ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ ಎಂಬ ವಿಜ್ಞಾನಿಗಳು 1960 ರ ದಶಕದಲ್ಲಿ ಬೆಕ್ಕಿನ ಮರಿಯ ಒಂದು ಕಣ್ಣನ್ನು ಎಳವೆಯಲ್ಲಿ ಕೆಲವು ವಾರಗಳ ಕಾಲ ಮುಚ್ಚಿಟ್ಟು ನೋಡಿದರು. ತೆರೆದ ಮೇಲೆ ಕಣ್ಣು ನೋಡಲು ಸರಿಯಾಗಿಯೇ ಇತ್ತು. ಆದರೆ ಮಿದುಳು ಆ ಕಣ್ಣಿನ ಸಂಕೇತವನ್ನು ಸ್ವೀಕರಿಸುವುದನ್ನೇ ಬಹುಮಟ್ಟಿಗೆ ಬಿಟ್ಟುಬಿಟ್ಟಿತ್ತು. ದೊಡ್ಡ ಬೆಕ್ಕಿನ ಕಣ್ಣನ್ನು ಮುಚ್ಚಿದಾಗ ಹೀಗಾಗಲಿಲ್ಲ. ದೃಷ್ಟಿಯನ್ನು ಕುರಿತ ಸಂಶೋಧನೆಗಳಿಗಾಗಿ 1981 ರಲ್ಲಿ ಇವರಿಗೆ ನೊಬೆಲ್ ಪ್ರಶಸ್ತಿಯು ಬಂತು.

ಇದರಿಂದ ನಾವು ತಿಳಿಯಬೇಕಾದುದು ಇಷ್ಟು. ಹುಟ್ಟುವಾಗಲೇ ಕಣ್ಣಿನಲ್ಲಿ ಪೊರೆಯಿರುವ ಮಗುವಿಗೆ ಮೊದಲ ಎರಡು ಮೂರು ತಿಂಗಳುಗಳಲ್ಲಿಯೇ ಶಸ್ತ್ರಚಿಕಿತ್ಸೆಯಾಗಬೇಕು. ಮಗು ದೊಡ್ಡದಾಗಲಿ ಎಂದು ಶಾಲೆಗೆ ಸೇರಿಸುವವರೆಗೆ ಕಾದರೆ ಪೊರೆ ಹೋದರೂ ದೃಷ್ಟಿಯು ಬಾರದೆ ಹೋಗಬಹುದು. ಮೆಳ್ಳಗಣ್ಣನ್ನು ಅದೃಷ್ಟವೆಂದು ಹೇಳಿ ಕೈಬಿಡುವುದೂ ಇಂತಹುದೇ ತಪ್ಪು.

ದಂಪತಿಗಳ ಕರ್ತವ್ಯಗಳು

1. ಮದುವೆಯಾದ ಹೆಣ್ಣುಮಗಳಿಗೆ ರುಬೆಲ್ಲಾ ಲಸಿಕೆಯು ಆಗಿದೆಯೇ ಎಂಬುದನ್ನು ಗರ್ಭ ಧರಿಸುವ ಮೊದಲೇ ವೈದ್ಯರಲ್ಲಿ ವಿಚಾರಿಸಿರಿ. ಗರ್ಭಿಣಿಗೆ ಈ ಲಸಿಕೆಯನ್ನು ಕೊಡುವುದಿಲ್ಲ. ಲಸಿಕೆ ಪಡೆದ ಮೇಲೆ ಒಂದು ತಿಂಗಳ ಕಾಲ ಗರ್ಭ ಧರಿಸಬಾರದು. ಮಕ್ಕಳಿಗೆ 9 ತಿಂಗಳು ತುಂಬಿದಾಗ ಮೊದಲನೆಯ ಸಲವೂ, 16 ರಿಂದ 24 ತಿಂಗಳೊಳಗೆ ಎರಡನೆಯ ಸಲವೂ ತಪ್ಪದೆ ಹಾಕಿಸಿರಿ.

2. ಮುಟ್ಟು ತಪ್ಪಿದ ಕೂಡಲೇ ಆಶಾ ಕಾರ್ಯಕರ್ತೆಗೆ ತಿಳಿಸಿ ಹೆಸರು ನೋಂದಾಯಿಸಿರಿ. ವೈದ್ಯರ ಸಲಹೆಯಿಲ್ಲದೆ ಯಾವ ಮಾತ್ರೆಯನ್ನೂ ನಾಟಿ ಔಷಧಿಯನ್ನೂ ಸೇವಿಸಬಾರದು. ಮದ್ಯ, ಹೊಗೆಸೊಪ್ಪುಗಳನ್ನು ಸಂಪೂರ್ಣವಾಗಿ ವರ್ಜಿಸಿರಿ. ಗಂಡನು ಮನೆಯೊಳಗೆ ಬೀಡಿ ಸೇದಬಾರದು.

3. ನುಗ್ಗೆಸೊಪ್ಪು, ಹರಿವೆಸೊಪ್ಪು, ಸಿಹಿಗುಂಬಳ, ಮಾವಿನಹಣ್ಣು, ಹಾಲು, ಮೊಟ್ಟೆಗಳು ಎ ಜೀವಸತ್ವವನ್ನು ಒದಗಿಸುತ್ತವೆ. ದಂಡಕೋಶಗಳ ಕೆಲಸಕ್ಕೆ ಇದು ಬೇಕೇಬೇಕು. ಗರ್ಭಿಣಿಗೆ ಸಂಜೆಯಾದೊಡನೆ ಕಣ್ಣು ಕಾಣದಂತಾದರೆ ಕೂಡಲೇ ಆರೋಗ್ಯ ಕೇಂದ್ರಕ್ಕೆ ತಿಳಿಸಿರಿ. ಆದರೆ ಈ ಜೀವಸತ್ವದ ಮಾತ್ರೆಗಳನ್ನು ತಾವಾಗಿಯೇ ಕೊಂಡು ಸೇವಿಸಬಾರದು. ಅತಿಯಾದರೆ ಗರ್ಭಕ್ಕೆ ಕೇಡು.

4. ಒಂದು ಹೆರಿಗೆಗೂ ಮುಂದಿನ ಗರ್ಭಕ್ಕೂ ನಡುವೆ ಕಡೆಯಪಕ್ಷ ಎರಡು ವರ್ಷಗಳ ಅಂತರವಿರಲಿ. ಬೆನ್ನುಬೆನ್ನಿಗೆ ಬಸಿರಾದ ತಾಯಿಗೆ ದಿನ ತುಂಬುವ ಮೊದಲೇ ಹೆರಿಗೆಯಾಗುವ ಸಂಭವವು ಹೆಚ್ಚು. ಅಂತರ ಕಾಯಲು ಬೇಕಾದ ಸಾಧನಗಳು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ದೊರೆಯುತ್ತವೆ.

5. ಅಕ್ಷಿಪಟಲದ ಕೆಲವು ರೋಗಗಳು ವಂಶದಲ್ಲಿ ಹರಿದು ಬರುತ್ತವೆ. ಸೋದರಮಾವ, ಅತ್ತೆಯ ಮಗ ಮುಂತಾದ ರಕ್ತಸಂಬಂಧದ ಮದುವೆಗಳಲ್ಲಿ ಇವುಗಳ ಸಂಭವವು ಹೆಚ್ಚು. ಮನೆತನದಲ್ಲಿ ಎಳವೆಯಿಂದ ಕುರುಡರಾದವರಿದ್ದರೆ ಅದನ್ನು ಮರೆಮಾಡದೆ ವೈದ್ಯರಿಗೆ ಹೇಳಿರಿ.

6. ಹಸುಗೂಸಿನ ಕಣ್ಣಿಗೆ ಹರಳೆಣ್ಣೆ, ಎದೆಹಾಲು, ಕಾಡಿಗೆ ಮುಂತಾದ ಏನನ್ನೂ ಹಾಕಬೇಡಿರಿ.

7. ಪಾಪೆಯು ಬೆಳ್ಳಗೆ ಕಂಡರೆ, ಮೂರು ತಿಂಗಳಾದರೂ ಮಗು ತಾಯಿಯ ಮುಖವನ್ನು ನೋಡದಿದ್ದರೆ, ನಾಲ್ಕು ತಿಂಗಳು ಕಳೆದರೂ ಮೆಳ್ಳಗಣ್ಣು ಉಳಿದಿದ್ದರೆ ತಡಮಾಡದೆ ಕಣ್ಣಿನ ವೈದ್ಯರಿಗೆ ತೋರಿಸಿರಿ.

ಕೊನೆಯ ಮಾತು

ಮಗುವಿನ ಕಣ್ಣಿನಲ್ಲಿ ಊನವಿದ್ದರೆ ಕೆಲವು ಮನೆಗಳಲ್ಲಿ ತಾಯಿಯನ್ನು ದೂಷಿಸುವರು. ಗ್ರಹಣದ ದಿನ ಹೊರಗೆ ಬಂದಳೆಂದೂ, ಹೆಣ್ಣಿನ ಕಾಲ್ಗುಣ ಸರಿಯಿಲ್ಲವೆಂದೂ ಆಡಿಕೊಳ್ಳುವರು. ಗ್ರಹಣದ ನೆರಳು ಗರ್ಭದೊಳಗಿನ ಶಿಶುವಿನ ಕಣ್ಣನ್ನು ಕೆಡಿಸಲಾರದು. ಎಷ್ಟು ಎಚ್ಚರ ವಹಿಸಿದರೂ ಕೆಲವು ಮಕ್ಕಳು ಊನದಿಂದ ಹುಟ್ಟುವುದುಂಟು. ಅದಕ್ಕೆ ಯಾರೂ ಹೊಣೆಯಲ್ಲ. ಆದರೆ ತಡೆಯಬಹುದಾದುದನ್ನು ತಡೆಯದೆ, ತೋರಿಸಬೇಕಾದ ದಿನಕ್ಕೆ ತೋರಿಸದೆ ಹೋದರೆ ಅದು ಗಂಡಹೆಂಡಿರಿಬ್ಬರ ಹೊಣೆಯಾಗುತ್ತದೆ.

ಹದ ತಪ್ಪಿ ಬಿತ್ತಿದ ರೈತನು ಮುಂದಿನ ಮಳೆಗಾಲಕ್ಕೆ ಕಾದು ಮತ್ತೆ ಬಿತ್ತಬಹುದು. ಅಕ್ಷಿಪಟಲದ ಕೋಶಗಳಿಗೆ ಎರಡನೆಯ ಮಳೆಗಾಲವಿಲ್ಲ. ಗರ್ಭಕ್ಕೆ ಮುನ್ನ ಒಂದು ಲಸಿಕೆ, ಗರ್ಭದಲ್ಲಿ ಸಕಾಲದ ಆರೈಕೆ, ಹುಟ್ಟಿದ ಮೇಲೆ ಬೇಕಾದಾಗ ಒಂದು ಪರೀಕ್ಷೆ — ಇವುಗಳನ್ನು ಆಯಾ ಕಾಲಕ್ಕೆ ಮಾಡಿರಿ. ನಿಮ್ಮ ಮಗು ನಿಮ್ಮ ಮುಖವನ್ನು ನೋಡಿ ನಗುವ ದಿನ, ಅದಕ್ಕಾಗಿ ನೀವು ಮಾಡಬೇಕಾದುದನ್ನೆಲ್ಲ ಮಾಡಿದ ಸಮಾಧಾನವು ನಿಮ್ಮದಾಗಿರಲಿ.